ಮುರಗೆಪ್ಪನ ಉಳಿದ ಹಾಳೆಗಳು

ಪುಸ್ತಕ ಸಿಕ್ಕ ಖುಷಿಯಲ್ಲಿ ಐನಾಪುರದ ಮುರಗೆಪ್ಪ ಒಂದು ತಪ್ಪು ಮಾಡಿದ: ಓದುವ ಮೊದಲೇ ಓಣಿಗೆಲ್ಲ ಹೇಳಿಬಿಟ್ಟ.

ಹೈಸ್ಕೂಲಿನಲ್ಲಿದ್ದಾಗ ಪಂಚಾಯ್ತಿ ವಾಚನಾಲಯದ ಗೋಣಿತಟ್ಟಿನ ಮೇಲೆ ಕೂತು, ಹೊರಗೆ ಗೆಳೆಯರು ಪಾಳಿ ಹಚ್ಚಿ ನಿಂತಿರುವಾಗ, ಆ ಪತ್ತೇದಾರಿ ಕಾದಂಬರಿ ಓದಿದ್ದ. ಅದರಲ್ಲಿ ದೇಸಾಯಿಯನ್ನು ಕೊಂದವರು ಯಾರೆಂದು ತಿಳಿಯುವಷ್ಟರಲ್ಲಿ ಕೊನೆಯ ಹಾಳೆಗಳೇ ಇರಲಿಲ್ಲ. ಆಮೇಲೆ ಮದುವೆಯಾಯಿತು, ಹೊಲಕ್ಕೆ ದ್ರಾಕ್ಷಿ ಹಚ್ಚಿದ, ಮೊಮ್ಮಕ್ಕಳಾದರು. ದೇಸಾಯಿಯ ಹೆಣ ಮಾತ್ರ ಎತ್ತುವವರಿಲ್ಲದೆ ಅವನ ತಲೆಯೊಳಗೇ ಬಿದ್ದಿತ್ತು.

ಈ ಬೆಳಿಗ್ಗೆ ಮೊಬೈಲಿನಲ್ಲಿ ಪುಕ್ಕಟೆ ಗ್ರಂಥಾಲಯಗಳನ್ನು ತಡಕಾಡುವಾಗ ಅದೇ ಪುಸ್ತಕ, ಒಂದು ಹಾಳೆಯೂ ಹರಿಯದೆ, ಸಿಕ್ಕಿತು. ಓಣಿಯ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಬರೆದಿತ್ತು: ಇರುವುದು ಒಂದೇ ಪ್ರತಿ, ಬೇರೊಬ್ಬರು ಒಯ್ದಿದ್ದಾರೆ.

"ಮೊಬೈಲನ್ಯಾಗಿನ ಪುಸ್ತಕ ಒಯ್ಯೂದಂದ್ರ ಹೆಂಗೋ? ಬಾವ್ಯಾಗಿನ ಚಂದ್ರನ್ನ ಕದ್ದಂಗಾತಲ್ಲೋ!" ಎಂದು ಗೆಳೆಯ ಜಿನೇಂದ್ರ ನಕ್ಕ.

ಒಯ್ದವನು ಕಿರಾಣಿ ಅಂಗಡಿಯ ಮಲ್ಲೇಶ. "ಪುಕ್ಕಟ ಅಂದ್ರಲ್ಲ ಕಾಕಾ, ಒತ್ತಿ ಇಟ್ಟೀನಿ. ಓದಾಕ ಯಾರಿಗೆ ಪುರಸೊತ್ತೈತಿ?"

ಮುರಗೆಪ್ಪ ಗೋಗರೆದು ಪುಸ್ತಕ ಬಿಡಿಸಿದ. ತನ್ನ ಮೊಬೈಲು ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಸೀತವ್ವ ಅದನ್ನು ಹಾರಿಸಿಕೊಂಡಾಗಿತ್ತು.

"ಸೀತವ್ವಾ, ಲಗೂ ಮುಗಸ ಬೇ!" ಗೋಡೆಯಾಚೆಯಿಂದ ಕೂಗಿದ.

"ತಡೀರಿ ಮಾವಾರ, ದೇಸಾಯಿ ಈಗಷ್ಟ ಸತ್ತಾನ."

"ಆಕಿನ್ನ ಕೇಳಿಬಿಡೋ, ಯಾರ ಕೊಂದ್ರಂತ ಹೇಳ್ತಾಳ," ಎಂದ ಜಿನೇಂದ್ರ.

"ಏ, ಹೇಳಿಸ್ಕೊಂಡ್ರ ಏನ್ ರುಚಿಯೋ! ಇಷ್ಟ ವರ್ಷ ಕಾದದ್ದು ನಾನ ಓದಾಕ."

ದಿನವಿಡೀ ಮುರಗೆಪ್ಪ ಮನೆಯ ಕಟ್ಟೆ ಬಿಟ್ಟೇಳಲಿಲ್ಲ. ಹುಡುಗನಾಗಿ ವಾಚನಾಲಯದ ಬಾಗಿಲಲ್ಲಿ ಒಂಟಿಗಾಲಲ್ಲಿ ಕಾದದ್ದು ನೆನಪಾಗಿ, ಸಿಟ್ಟಿನಲ್ಲೂ ಸುಖವೆನಿಸಿತು. ಸಂಜೆಗೆ ಪುಸ್ತಕ ಬಿಡುವಾಯಿತು. ಥಟ್ಟನೆ ಒತ್ತಿದ. ಸಿಕ್ಕಿತು!

ಅಷ್ಟರಲ್ಲಿ ಸೀತವ್ವ ಸೆರಗು ಸರಿಪಡಿಸಿಕೊಳ್ಳುತ್ತ ಬಂದಳು. "ಪಾಪ, ಮುಂಜಾನಿಂದ ಕಾಯಾಕತ್ತೀರಿ ಮಾವಾರ. ಪುಸ್ತಕ ತಿರಿಗಿ ಕೊಟ್ಟೀನಿ. ಆದ್ರ ನಿಮ್ಮನಿ ಬೋಗುಣಿ ಒಯ್ದ್ರೂ ನಾಕ ಚಕ್ಕಲಿ ಹಾಕೇ ಕೊಡಾಕಿ ನಾ, ಇದನ್ನ ಖಾಲಿ ಹೆಂಗ ಕೊಡ್ಲಿ? ಮೊಬೈಲನ್ಯಾಗ ಚಕ್ಕಲಿ ಹಿಡಸಂಗಿಲ್ಲ. ಅದಕ್ಕ ಇಷ್ಟರ ಹೇಳಿ ಹೋಗೂಣಂತ ಬಂದೆ. ಕೊಂದಾಕಿ ಅಡಗಿ ಮಾಡೂ ಗಂಗವ್ವ ರೀ! ಮಜ್ಜಿಗ್ಯಾಗ ವಿಷ!"

ಮುರಗೆಪ್ಪನ ಕೈಯಲ್ಲಿ ಮೊದಲ ಪುಟ ತೆರೆದೇ ಇತ್ತು. ಅಲ್ಲಿ ದೇಸಾಯಿ ಊಟಕ್ಕೆ ಕೂತು ಮಜ್ಜಿಗೆ ಕೇಳುತ್ತಿದ್ದ.