ಮಾವಿನ ಮರಕ್ಕೊಂದು ಬಾಟಲಿ

ಗೌರೀಶ ಹುಣಸೂರಿನಲ್ಲಿ ಹುಳ ಸಾಯಿಸಿಕೊಂಡೇ ಸಂಸಾರ ನಡೆಸಿದವನು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನದು ಗೊಬ್ಬರ, ಬಿತ್ತನೆ ಬೀಜ, ಕೀಟನಾಶಕದ ಅಂಗಡಿ. ಹೊಗೆಸೊಪ್ಪು ಬೆಳೆಯುವವರು ತೂತು ಬಿದ್ದ ಎಲೆ ಹಿಡಿದು ಬಂದರೆ ಸಾಕು, ಕನ್ನಡಕ ಹಣೆಗೇರಿಸಿ, ಎಲೆಯನ್ನು ಬೆಳಕಿಗೆ ಹಿಡಿದು, "ಬೆಳಗ್ಗೆ ಹೊಡೀರಿ, ಸಂಜೆಗೆ ಒಂದೂ ಕಾಣಲ್ಲ" ಎನ್ನುತ್ತಿದ್ದ. ಆ ಧಾಟಿ ಹೇಗಿರುತ್ತಿತ್ತೆಂದರೆ, ಹುಳವೇನಾದರೂ ಕೇಳಿಸಿಕೊಂಡಿದ್ದರೆ ಔಷಧಿಗೆ ಕಾಯದೆ ತಾನಾಗಿ ಊರು ಬಿಡುತ್ತಿತ್ತು.

ಇಂಥವನ ಮನೆಯಲ್ಲೇ ಹುಳ ಬರಲಿಲ್ಲವೆಂದು ಮಗಳು ಮುಖ ಊದಿಸಿಕೊಂಡು ಕೂತಳು.

ಮಗಳು ಮಧುಶ್ರೀ ಮೈಸೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ರಾತ್ರಿ ಹಾರುವ ಪತಂಗಗಳ ಫೋಟೋ ತೆಗೆದು ಸೋಮವಾರ ಒಪ್ಪಿಸಬೇಕಿತ್ತು. ಶುಕ್ರವಾರ ಊರಿಗೆ ಬಂದವಳೇ ಹಿತ್ತಲಲ್ಲಿ ಬಿಳಿ ಬೆಡ್‌ಶೀಟು ಕಟ್ಟಿ, ಅದರ ಮುಂದೆ ಬಲ್ಬು ಇಳಿಬಿಟ್ಟು ಕಾದಳು. ಬಂದದ್ದು ಸಾಸಿವೆ ಕಾಳಿನಷ್ಟು ಹಸಿರು ಹುಳುಗಳು, ಒಂದು ಮಿಡತೆ, ಆಮೇಲೆ ಇವನ್ನೆಲ್ಲ ಮುಗಿಸಲು ಒಂದು ಹಲ್ಲಿ.

"ದೊಡ್ಡ ಪತಂಗ ಒಂದೂ ಬರಲಿಲ್ಲ ಅಪ್ಪ," ಎಂದಳು ಶನಿವಾರ ಬೆಳಗ್ಗೆ, ತಟ್ಟೆಯಲ್ಲಿದ್ದ ಅಕ್ಕಿ ರೊಟ್ಟಿಯನ್ನು ಕೈಯಲ್ಲೂ ಮುಟ್ಟದೆ. "ಅವಕ್ಕೆ ಬೆಳಕು ಸಾಲದು. ಸಿಹಿ ಇಡಬೇಕಂತೆ."

"ಹುಳದ ವಿಷಯ ನನಗೆ ಬಿಡು," ಎಂದ ಗೌರೀಶ. "ಇಷ್ಟು ವರ್ಷ ಓಡಿಸಿದೋನಿಗೆ ಕರೆಯೋದು ಕಷ್ಟಾನಾ? ಏನೇನು ಬೇಕು ಹೇಳು."

"ಕೊಳೆತ ಬಾಳೆಹಣ್ಣು. ಕರಿ ಬೆಲ್ಲ. ಎರಡನ್ನೂ ಕುದಿಸಿ, ಆರಿದ ಮೇಲೆ ರಮ್ ಹಾಕಿ, ಸಂಜೆ ಮರದ ಕಾಂಡಕ್ಕೆ ಬಳೀಬೇಕು."

ರೊಟ್ಟಿ ಹಂಚಿನ ಮುಂದೆ ನಿಂತಿದ್ದ ಹೆಂಡತಿ ಉಷಾರಾಣಿ ತಿರುಗಿದಳು. "ಏನು ಹಾಕಿ?"

"ರಮ್ ಅಮ್ಮ. ಆ ವಾಸನೆಗೇ ಬರೋದು."

"ಹುಳಾನೂ ಬರುತ್ತೆ, ನಿಮ್ಮಪ್ಪನ ಮಾನಾನೂ ಹೋಗುತ್ತೆ," ಎಂದಳು ಉಷಾರಾಣಿ.

ಅವಳ ಮಾತಿಗೆ ಕಾರಣವಿತ್ತು. ಬೀದಿಯ ಕೊನೆಯಲ್ಲಿ, ದೇವಸ್ಥಾನಕ್ಕೆ ಕೂಗಳತೆಯಲ್ಲಿ, ಹೊಸದಾಗಿ ಒಂದು ವೈನ್ ಶಾಪ್ ತೆರೆದಿತ್ತು. ಅದನ್ನು ಅಲ್ಲಿಂದ ಎತ್ತಿಸಬೇಕೆಂದು ಪಕ್ಕದ ಮನೆಯ ಪುಟ್ಟಮಾದಮ್ಮನ ಸ್ತ್ರೀಶಕ್ತಿ ಸಂಘ ಹೊರಟಾಗ, ಗಂಡಸರಲ್ಲಿ ಮೊದಲು ಸಹಿ ಹಾಕಿದವನು ಗೌರೀಶ. ಅಷ್ಟಕ್ಕೇ ನಿಲ್ಲದೆ ದೇವಸ್ಥಾನದ ಮೆಟ್ಟಿಲ ಮೇಲೆ ನಿಂತು, "ಆ ಅಂಗಡಿ ಬಾಗಿಲು ತುಳಿಯೋನು ನಮ್ಮ ಬೀದಿಯೋನೇ ಅಲ್ಲ" ಎಂದು ಭಾಷಣವನ್ನೂ ಮಾಡಿದ್ದ. ಸೋಮವಾರ ಅವನ ಮುಂದಾಳತ್ವದಲ್ಲೇ ಎಲ್ಲರೂ ತಹಸೀಲ್ದಾರರ ಕಚೇರಿಗೆ ಹೋಗುವುದೆಂದು ನಿಶ್ಚಯವಾಗಿತ್ತು.

"ನಮ್ಮೂರಲ್ಲಿ ತಗೊಂಡರೆ ತಾನೇ ತೊಂದರೆ," ಎಂದ ಗೌರೀಶ, ಮೀಸೆಗಂಟಿದ ಚಟ್ನಿ ಒರೆಸಿಕೊಳ್ಳುತ್ತ. "ಪಿರಿಯಾಪಟ್ಟಣಕ್ಕೆ ಹೋಗ್ತೀನಿ. ಅಲ್ಲಿ ನನ್ನ ಯಾರು ಬಲ್ಲರು?"

ಪಿರಿಯಾಪಟ್ಟಣದಲ್ಲಿ ಅವನನ್ನು ಯಾರು ಬಲ್ಲರೆಂಬುದು ವೈನ್ ಶಾಪಿನ ಮುಂದೆ ಸ್ಕೂಟರ್ ನಿಲ್ಲಿಸಿದಾಗ ತಿಳಿಯಿತು. ಹೆಲ್ಮೆಟ್ ತೆಗೆದಿರಲಿಲ್ಲ, ಮೂಗಿನ ಮೇಲೆ ಕರ್ಚೀಫು ಕಟ್ಟಿದ್ದ. ಆದರೆ ಸ್ಕೂಟರಿನ ಎದೆಯ ಮೇಲೆ ಅವನ ಅಂಗಡಿಯ ಹೆಸರು ಹಳದಿ ಬಣ್ಣದಲ್ಲಿ, ಕುರುಡನಿಗೂ ಕಾಣುವಷ್ಟು ದಪ್ಪಕ್ಷರದಲ್ಲಿತ್ತು. ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನ ಹೊಗೆಸೊಪ್ಪಿನ ರೈತರು, ಅವನ ಖಾಯಂ ಗಿರಾಕಿಗಳು.

"ಲೇ, ಜಾಗ ಬುಡ್ರಲಾ," ಎಂದ ಜವರಯ್ಯ ಎಂಬ ರೈತ, ಸಾಲನ್ನು ಎರಡೂ ಕೈಯಲ್ಲಿ ಸರಿಸುತ್ತ. "ಗೊಬ್ಬರದಂಗಡಿ ಗೌರೀಶಣ್ಣ ಬಂದವ್ರೆ. ಪಾಪ, ಯಾವತ್ತೂ ನಮ್ಮನ್ನ ಕಾಯ್ಸಿಲ್ಲ."

ಕರ್ಚೀಫಿನ ಒಳಗಿಂದ ಗೌರೀಶ ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ. ಅವನನ್ನು ಮದುವೆ ಗಂಡಿನಂತೆ ನಡೆಸಿಕೊಂಡು ಹೋಗಿ ಕೌಂಟರಿನ ಮುಂದೆ ನಿಲ್ಲಿಸಿದರು.

"ಯಾವ್ದು ಕೊಡ್ಲಿ ಸಾ?" ಎಂದ ಕೌಂಟರಿನವನು.

ಗೌರೀಶನಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಆದರೆ ಅಂಗಡಿಯ ಮುಂದೆ ತಡವರಿಸುವುದು ಅವನ ಜಾಯಮಾನವೂ ಅಲ್ಲ. "ರಮ್ಮಲ್ಲಿ ಯಾವುದು ಜಾಸ್ತಿ ವಾಸನೆ ಬರುತ್ತೋ ಅದು ಕೊಡಿ," ಎಂದ.

ಸಾಲಿನವರು ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಪಳಗಿದ ಕೈ ಕಣ್ಲಾ," ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

"ಇದು ಹುಳಕ್ಕೆ," ಎಂದ ಗೌರೀಶ, ಕರ್ಚೀಫು ಕೆಳಗೆಳೆದು.

"ಆಯ್ತು ಬುಡಣ್ಣ," ಎಂದ ಜವರಯ್ಯ ಸಮಾಧಾನದ ದನಿಯಲ್ಲಿ. "ನಾವೇನು ಕೇಳಿದ್ವಾ?"

ಬಾಟಲಿಯನ್ನು ಖಾಲಿ ಔಷಧಿ ಡಬ್ಬದಲ್ಲಿಟ್ಟು ಮನೆಗೆ ತಂದದ್ದಾಯಿತು. ಉಷಾರಾಣಿ ಅದನ್ನು ಹೊಸಿಲು ದಾಟಲು ಬಿಡಲಿಲ್ಲ. "ಲಿಂಗಪೂಜೆ ಆಗೋ ಮನೆ ಇದು. ನನ್ನ ಒಲೆ, ನನ್ನ ಪಾತ್ರೆ ಎರಡೂ ಕೊಡಲ್ಲ," ಎಂದಳು. ಗೌರೀಶ ಎದೆಗುಂದಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಸೋಗೆ ಉರಿ ಹಾಕಿ, ಸುಣ್ಣ ಕಲಸುವ ಹಳೇ ಬೋಗುಣಿ ತೊಳೆದು ಒಲೆಗೇರಿಸಿದ. ಬೆಲ್ಲ ಕರಗಿತು, ಬಾಳೆಹಣ್ಣು ಬೆಂದಿತು. ಇಷ್ಟು ಸರಾಗವಾಗಿ ಆಗುತ್ತಿರುವಾಗ ಆರುವವರೆಗೆ ಯಾರು ಕಾಯುತ್ತಾರೆಂದು, ಮಗಳು ಕ್ಯಾಮೆರಾ ತರಲು ಒಳಗೆ ಹೋದ ಸಮಯ ನೋಡಿ, ಕೊತಕೊತ ಕುದಿಯುವ ಪಾಕಕ್ಕೇ ಅರ್ಧ ಬಾಟಲಿ ಸುರಿದ.

ಎದ್ದ ಹಬೆ ಮೊದಲು ಅವನ ಮುಖಕ್ಕೆ ಹೊಡೆಯಿತು, ಆಮೇಲೆ ಬೀದಿಗೆ. ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಕೆಮ್ಮಿ ಕೆಮ್ಮಿ ಎರಡು ಹೆಜ್ಜೆ ಹಿಂದೆ ಹೋಗಿ ತುಳಸಿ ಕಟ್ಟೆಗೆ ಒರಗಿದ. ಕಾಂಪೌಂಡಿನ ಆಚೆಯಿಂದ ಪುಟ್ಟಮಾದಮ್ಮನ ತಲೆ ಮೇಲೆದ್ದದ್ದು ಆಗಲೇ.

"ಅದೇನು ಬೇಯ್ತಾ ಅದೆ ಗೌರೀಶಪ್ಪ?"

"ಕಷಾಯ ಕಣಮ್ಮ."

"ಯಾರ್ಗೆ ಉಸಾರಿಲ್ಲ?"

ಗೌರೀಶ ಸುಳ್ಳು ಹೇಳುವವನಲ್ಲ, ಹೇಳಿದರೂ ಎರಡನೇ ಮಾತಿಗೆ ಸಿಕ್ಕಿಬೀಳುವವನು. "ಮರಕ್ಕೆ," ಎಂದುಬಿಟ್ಟ.

ಪುಟ್ಟಮಾದಮ್ಮ ಅವನ ಕೆಂಪು ಕಣ್ಣು ನೋಡಿದಳು. ಬೋಗುಣಿ ನೋಡಿದಳು. ಕಲ್ಲಿನ ಪಕ್ಕ ನಿಂತಿದ್ದ ಬಾಟಲಿ ನೋಡಿದಳು. ಗೌರೀಶ ಬಣ್ಣದ ಬ್ರಷ್ಷನ್ನು ಪಾಕದಲ್ಲಿ ಅದ್ದಿ, ಮಗುವಿಗೆ ಎಣ್ಣೆ ಹಚ್ಚುವಂತೆ ಮಾವಿನ ಮರಕ್ಕೆ ಸವರುವುದನ್ನೂ ನೋಡಿದಳು. ಆಮೇಲೆ ತಲೆ ಕೆಳಗಿಳಿಯಿತು.

ಅರ್ಧ ಗಂಟೆಯಲ್ಲಿ ಸುದ್ದಿ ಬೀದಿ ಸುತ್ತಿತು. ಗೌರೀಶ ಕುಡಿದನೆಂದು ಶುರುವಾದದ್ದು, ಹಿತ್ತಲಲ್ಲಿ ಭಟ್ಟಿ ಇಳಿಸುತ್ತಿದ್ದಾನೆಂದಾಯಿತು. ದೇವಸ್ಥಾನ ಸಮಿತಿಯ ಹಿರಿಯ ಸಿದ್ದಯ್ಯನವರ ಮನೆ ಮುಟ್ಟುವಷ್ಟರಲ್ಲಿ, ವೈನ್ ಶಾಪನ್ನು ಗೌರೀಶ ಎತ್ತಿಸಲು ಹೊರಟದ್ದೇ ತನ್ನ ವ್ಯಾಪಾರಕ್ಕೆ ಪೈಪೋಟಿಯಾಗದಿರಲೆಂದು, ಎಂಬಲ್ಲಿಗೆ ಬಂದು ನಿಂತಿತ್ತು.

ದೀಪ ಹಚ್ಚುವ ಹೊತ್ತಿಗೆ ಸಿದ್ದಯ್ಯನವರು ಮುಂದೆ, ಪುಟ್ಟಮಾದಮ್ಮ ಮತ್ತು ಸಂಘದ ಹೆಂಗಸರು ಹಿಂದೆ, ಅವರ ಹಿಂದೆ ಬೀದಿಯ ಗಂಡಸರು, ಎಲ್ಲರೂ ಹಿತ್ತಲಿಗೆ ನುಗ್ಗಿದರು. ಉಷಾರಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಗೌರೀಶ," ಎಂದರು ಸಿದ್ದಯ್ಯ, "ನಿಮ್ಮಪ್ಪ ನಂಗೆ ಸ್ನೇಹಿತ. ಅದ್ಕೇ ಪೊಲೀಸ್ರಿಗೆ ಹೇಳ್ದೆ ನಾನೇ ಬಂದೆ. ಸೋಮವಾರ ಯಾವ ಮಕ ಇಟ್ಕೊಂಡು ನೀನು ತಹಸೀಲ್ದಾರ್ ಮುಂದೆ ನಿಲ್ತೀಯ?"

"ಇದೇ ಮುಖ ಇಟ್ಕೊಂಡು ನಿಲ್ತೀನಿ ಸಿದ್ದಯ್ಯನೋರೆ," ಎಂದ ಗೌರೀಶ. ಕಣ್ಣು ಇನ್ನೂ ಕೆಂಪಗಿತ್ತು. "ನಾನು ತಂದಿದ್ದು ನಿಜ. ಒಂದು ತೊಟ್ಟು ನಾಲಿಗೆಗೆ ತಾಗಿಸಿಲ್ಲ. ಅರ್ಧ ಮರದ ಮೇಲೆ ಇದೆ, ಮಿಕ್ಕಿದ್ದು ಬಾಟಲಿಯಲ್ಲೇ ಇದೆ. ಅದರ ವಾಸನೆಗೆ ರಾತ್ರಿ ಚಿಟ್ಟೆಗಳು ಬರ್ತವೆ. ಬನ್ನಿ, ಕಣ್ಣಾರೆ ನೋಡಿ."

ಟಾರ್ಚು ಬಿಟ್ಟ. ಮಾವಿನ ಕಾಂಡದ ಮೇಲೆ ಕಟ್ಟಿರುವೆಗಳು ಮೆರವಣಿಗೆ ಹೊರಟಿದ್ದವು. ಚಿಟ್ಟೆಯ ಸುಳಿವಿಲ್ಲ.

"ಇರುವೆಗೆ ಇಷ್ಟೊಂದು ಉಪಚಾರ ಬೇಕಿತ್ತಾ?" ಎಂದಳು ಪುಟ್ಟಮಾದಮ್ಮ.

"ಬೆಳಕು ಆರಿಸಿ ಅಪ್ಪ," ಎಂದಳು ಮಧುಶ್ರೀ. ಟಾರ್ಚಿನ ಗಾಜಿಗೆ ಕೆಂಪು ಹಾಳೆ ಸುತ್ತಿ ಕೈಲಿಟ್ಟುಕೊಂಡಳು. "ಎಲ್ಲರೂ ದಯವಿಟ್ಟು ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲಿ."

ಅಷ್ಟು ಜನ ಕತ್ತಲಲ್ಲಿ ಉಸಿರು ಬಿಗಿ ಹಿಡಿದು ನಿಂತರು. ದೂರದಲ್ಲಿ ಮಡಿಕೇರಿ ಬಸ್ಸು ಹಾರ್ನ್ ಹಾಕಿತು. ಯಾರದೋ ಹೊಟ್ಟೆ ಗುರುಗುಟ್ಟಿತು. ಗೌರೀಶನಿಗೆ ತನ್ನ ಭಾಷಣದ ಒಂದೊಂದು ವಾಕ್ಯವೂ ನೆನಪಾಗತೊಡಗಿತು. ಬರದಿದ್ದರೆ ನಾಳೆಯಿಂದ ಅಂಗಡಿ ಬಾಗಿಲು ತೆರೆಯುವುದೂ ಕಷ್ಟ. ಜೀವಮಾನದಲ್ಲಿ ಮೊದಲ ಸಲ ಅವನು ಹುಳವೊಂದು ಚೆನ್ನಾಗಿರಲೆಂದು ಮನಸಾರೆ ಹರಸಿದ.

ಕತ್ತಲೊಳಗಿಂದ ಏನೋ ಪಟಪಟ ಸದ್ದು ಮಾಡುತ್ತ ಬಂದು ಮರಕ್ಕೆ ಕೂತಿತು. ಮಧುಶ್ರೀ ಕೆಂಪು ಬೆಳಕು ಮೆಲ್ಲಗೆ ಎತ್ತಿದಳು. ಅಂಗೈಯಗಲದ ಕಂದು ರೆಕ್ಕೆ. ಒಂದೊಂದು ರೆಕ್ಕೆಯ ಮೇಲೂ ಗೂಬೆಯ ಕಣ್ಣಿನಂಥ ಗುಂಡು ಗುರುತು. ಸುರುಳಿ ಸುತ್ತಿದ್ದ ನಾಲಿಗೆಯನ್ನು ನಿಧಾನವಾಗಿ ಬಿಚ್ಚಿ, ಬೆಲ್ಲದ ಪಾಕಕ್ಕೆ ಇಳಿಬಿಟ್ಟು ಹೀರತೊಡಗಿತು. ಅದರ ಹಿಂದೆಯೇ ಇನ್ನೊಂದು. ಆಮೇಲೆ ಒಣಗಿದ ಎಲೆಯಂತೆ ಕಾಣುವುದೊಂದು ಬಂತು. ರೆಕ್ಕೆ ಸರಿಸಿದಾಗ ಒಳಗೆ ಅರಿಶಿನದ ಬಣ್ಣ.

"ಸಿವನೇ," ಎಂದಳು ಪುಟ್ಟಮಾದಮ್ಮ, ಉಸಿರಿನಷ್ಟು ಮೆಲ್ಲಗೆ. "ನಮ್ ಬೀದೀಲಿ ಇಂಥವು ಅವಾ? ಇಷ್ಟು ವರ್ಸ ಎಲ್ಲಿದ್ವು?"

"ಇಲ್ಲೇ ಇದ್ವು ಅಜ್ಜಿ," ಎಂದಳು ಮಧುಶ್ರೀ, ಫೋಟೋ ತೆಗೆಯುತ್ತ. "ನಾವು ಕರೆದಿರಲಿಲ್ಲ ಅಷ್ಟೇ."

ಯಾರೂ ಮನೆಗೆ ಹೋಗಲಿಲ್ಲ. ಹೆಂಗಸರು ಮಕ್ಕಳನ್ನೂ ಕರೆಸಿ ತೋರಿಸಿದರು. ಉಷಾರಾಣಿ ಎಲ್ಲರಿಗೂ ಕಾಫಿ ಮಾಡಿದಳು. ಗೌರೀಶ ಗಂಟಲು ಸರಿಮಾಡಿಕೊಂಡು, ಬೆಲ್ಲ ಎಷ್ಟು, ಹಣ್ಣು ಎಷ್ಟು, ರಮ್ ಎಷ್ಟು ಎಂಬುದನ್ನು, ಹೊಗೆಸೊಪ್ಪಿಗೆ ಔಷಧಿ ಹೇಳುವ ಅದೇ ಧಾಟಿಯಲ್ಲಿ ಎರಡೆರಡು ಸಲ ವಿವರಿಸಿದ. ಗಂಡಸರು ಇಷ್ಟು ಗಮನವಿಟ್ಟು ಅವನ ಮಾತು ಕೇಳಿದ್ದೇ ಇಲ್ಲ.

ಕೊನೆಗೆ ಸಿದ್ದಯ್ಯನವರು ಮಾವಿನ ಮರದ ಕೆಳಗೆ ನಿಂತು ತೀರ್ಪು ಹೇಳಿದರು. "ತಪ್ಪು ತಿಳ್ಕಂಡೆ ಗೌರೀಶ. ಮನುಸ ಕುಡಿಯಾಕೆ ತಂದ್ರೆ ಪಾಪ. ಉಳಕ್ಕೆ ಅಂತ ತಂದ್ರೆ ಅದು ಪ್ರಾಣಿದಯೆ. ಅದ್ರಲ್ಲಿ ದೋಸ ಇಲ್ಲ."

ಗಂಡಸರೆಲ್ಲ ಒಕ್ಕೊರಲಿನಿಂದ ಹೌದೆಂದರು. ಆ ರಾತ್ರಿ ಗೌರೀಶ ಗೆದ್ದ ಕುಸ್ತಿಪಟುವಿನಂತೆ ಮಲಗಿದ.

ಭಾನುವಾರ ಮಧ್ಯಾಹ್ನ ಮಧುಶ್ರೀ ಫೋಟೋಗಳೊಂದಿಗೆ ಮೈಸೂರು ಬಸ್ಸು ಹತ್ತಿದಳು. ಅವಳನ್ನು ಬಿಟ್ಟು ಬರುವಾಗ ಗೌರೀಶನಿಗೆ ಬೀದಿಯಲ್ಲಿ ಏನೋ ಹೊಸ ಲವಲವಿಕೆ ಕಂಡಿತು. ಪುಟ್ಟಮಾದಮ್ಮನ ಗಂಡ ಚಿಕ್ಕಬಸಪ್ಪ ಚೀಲ ಹಿಡಿದು ವೈನ್ ಶಾಪಿನಿಂದ ರಾಜಾರೋಷವಾಗಿ ಇಳಿದು ಬರುತ್ತಿದ್ದ.

"ನುಗ್ಗೆ ಮರಕ್ಕೆ ಗೌರೀಶಣ್ಣ," ಎಂದ, ಕೇಳುವ ಮುಂಚೆಯೇ. "ಉಳ ನೋಡೋಣ ಅಂತ."

ಅವನ ಹಿಂದೆ ಇನ್ನಿಬ್ಬರು ಬಂದರು. ಒಬ್ಬನಿಗೆ ತೆಂಗಿನ ಮರವಿತ್ತು, ಇನ್ನೊಬ್ಬನಿಗೆ ಮರವೇ ಇರಲಿಲ್ಲ, ಕರೆಂಟ್ ಕಂಬವಿತ್ತು. ಸಂಜೆ ಸಿದ್ದಯ್ಯನವರೇ ಕಾಂಪೌಂಡಿನ ಬಳಿ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು. "ನಮ್ಮದೂ ಒಂದು ಹಲಸಿನ ಮರ ಅದೆ ಗೌರೀಶ. ನಂಗೆ ಸಕ್ಕರೆ ಕಾಯಿಲೆ, ಬೆಲ್ಲ, ಬಾಳೆಹಣ್ಣು ಆಗಲ್ಲ. ಬರೀ ರಮ್ಮೇ ಹಾಕಿದ್ರೆ ನಡೀತದಾ?"

ಆ ರಾತ್ರಿ ಬೀದಿಯ ಹಿತ್ತಲುಗಳಲ್ಲಿ ಹುಳಗಳಿಗಾಗಿ ಕಾದವರ ಹಾಡು ಬಹಳ ಹೊತ್ತು ಕೇಳುತ್ತಿತ್ತು. ಗೌರೀಶನ ಮಾವಿನ ಮರಕ್ಕೆ ಒಂದು ಪತಂಗವೂ ಬರಲಿಲ್ಲ.

ಸೋಮವಾರ ಬೆಳಗ್ಗೆ ಅವನು ಮೀಸೆ ತೀಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ದೇವಸ್ಥಾನದ ಮುಂದೆ ಬಂದ. ಹೆಂಗಸರು ಮಾತ್ರ ಇದ್ದರು. ಪುಟ್ಟಮಾದಮ್ಮನ ಮುಖ ಹೆಪ್ಪುಗಟ್ಟಿದ ಮೊಸರಿನ ಹಾಗಿತ್ತು.

"ಗಂಡಸರೆಲ್ಲಿ?" ಎಂದ ಗೌರೀಶ. "ಸಿದ್ದಯ್ಯನೋರೆಲ್ಲಿ?"

"ಯಾರೂ ಎದ್ದಿಲ್ಲ. ಎದ್ರೂ ಬರಕಿಲ್ಲ. ರಾತ್ರೀನೇ ಸಹಿ ವಾಪಸ್ ತಗೊಂಡವ್ರೆ. ಅಂಗಡಿ ದೂರ ಹೋದ್ರೆ ಉಳಕ್ಕೆ ತೊಂದ್ರೆ ಆಯ್ತದಂತೆ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಮ್ಮನೆ ಯಜಮಾನ್ರು ಹತ್ತು ವರ್ಸದಿಂದ ಬಿಟ್ಟಿದ್ರು ಗೌರೀಶಪ್ಪ. ನೆನ್ನೆ ಮರಕ್ಕೆ ಒಂದು ಮುಚ್ಚಳ, ಮಿಕ್ಕಿದ್ದು ಹೊಟ್ಟೆಗೆ. ಕೇಳಿದ್ರೆ, ಗೌರೀಶಣ್ಣ ಹೇಳ್ಕೊಟ್ಟ ಅಳತೆ ಅಂದ್ರು."

"ನಾನು ಎಲ್ಲರ ಹತ್ರ ಮಾತಾಡ್ತೀನಿ ಬಿಡಿ," ಎಂದ ಗೌರೀಶ, ಕೈ ಚಾಚಿ. "ಮೊದಲು ಆ ಮನವಿ ಕೊಡಿ. ತಹಸೀಲ್ದಾರ್‌ಗೆ ನಾನೇ ವಿವರಿಸ್ತೀನಿ. ಅಂಗಡಿ ಎತ್ತಿಸದೆ ಬಿಡಲ್ಲ."

ಪುಟ್ಟಮಾದಮ್ಮ ಮನವಿಯನ್ನು ಸೆರಗಿನೊಳಗೆ ಇನ್ನಷ್ಟು ಭದ್ರವಾಗಿ ಇಟ್ಟುಕೊಂಡಳು.

"ಅಂಗಡಿ ಇದ್ದಲ್ಲೇ ಇರ್ಲಿ. ಬೆಳಗ್ಗೆ ನಾವೆಲ್ರೂ ಕೂತು ಬೇರೆ ಮನವಿ ಬರ್ಸಿದ್ದೀವಿ," ಎಂದಳು. "ನಿಮ್ಮನ್ನ ಈ ಬೀದಿಯಿಂದ ಎತ್ತಂಗಡಿ ಮಾಡ್ಸಿ ಅಂತ."