ಕೇಕಿಗೆ ತಂದ ಸೇಬು

ಸರಿಯಾಗಿ ವಾದ ಮಾಡಿದರೆ ಯಾರನ್ನಾದರೂ ಒಪ್ಪಿಸಬಹುದು ಎಂದು ನಂಬಿದ್ದವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದ ಕೊಬ್ಬು ಅದು. ಅರ್ಧ ಕೇಜಿ ಸೇಬು ಅದನ್ನು ಇಳಿಸಿತು.

ಅತ್ತಿಗೆ ಹಾರೋಹಳ್ಳಿಯ ಕಾರ್ಖಾನೆಗೆ ಸೇರಿದ ಮೇಲೆ ನಮ್ಮ ಮನೆಯ ಸಮಾರಂಭಗಳೆಲ್ಲ ಅಲ್ಲಿನ ವಾರದ ರಜೆ ನೋಡಿಕೊಂಡೇ ನಡೆಯುತ್ತವೆ. ಅವಳ ಮಗಳ ಮೊದಲ ಹುಟ್ಟುಹಬ್ಬವೂ ಹಾಗೇ ಸೋಮವಾರಕ್ಕೆ ಜರುಗಿತು. ಜೊತೆಯ ಕೆಲಸಗಾರ್ತಿಯರನ್ನೆಲ್ಲ ಕರೆದು, ಕೇಕು ನಾನೇ ಮಾಡುತ್ತೇನೆಂದು ಕೊಚ್ಚಿಕೊಂಡೂ ಬಂದಿದ್ದಳು. ಆದರೆ ಸೋಮವಾರ ನಮ್ಮ ಮನೆದೇವರ ವಾರ. ಮೊಟ್ಟೆ ಹೊಸಿಲು ದಾಟುವಂತಿಲ್ಲ. ಮಂಗಳವಾರ ಕೋಳಿಯನ್ನೇ ಬೇಯಿಸುವ ಅಜ್ಜಿಯನ್ನು ಕೇಳಿದೆ: "ಕೇಕಲ್ಲಿ ಮೊಟ್ಟೆ ಕಾಣ್ಸದೇ ಇಲ್ವಲ್ಲಜ್ಜಿ?"

"ದೇವ್ರಿಗೆ ಕಾಣ್ತದೆ ಕಣವ್ವ."

ವಾದ ಮುಗಿಯಿತು. ಅಷ್ಟರಲ್ಲಿ ಅತ್ತಿಗೆ ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದಳು: ಮೊಟ್ಟೆಯ ಬದಲು ಸೇಬು ಬೇಯಿಸಿ ಅರೆದು ಹಾಕಬಹುದಂತೆ.

"ಮೊಟ್ಟೆ ಮಾಡೋ ಕೆಲ್ಸ ಸೇಬು ಹೆಂಗೆ ಮಾಡ್ತದೆ? ಸಾಕ್ಷಿ ಏನೈತೆ?" ಎಂದೆ.

"ಸಾಕ್ಷಿನ ಆಮೇಲೆ ತಿನ್ನೀವಂತೆ. ಮೊದ್ಲು ಸೇಬು ತಗೊಂಡ್ ಬಾ."

ನಮ್ಮ ಕಡೆ ಸೇಬನ್ನು ಯಾರೂ ತಮಗೋಸ್ಕರ ಕೊಳ್ಳುವುದಿಲ್ಲ. ಅದು ಬ್ರೆಡ್ಡಿನ ಜೊತೆ ರೋಗಿಯ ತಲೆದಿಂಬಿನ ಪಕ್ಕ ಇಟ್ಟು ಬರುವ ಹಣ್ಣು. ಇದು ನೆನಪಾಗಿದ್ದು ಭಾನುವಾರ ಕನಕಪುರದಿಂದ ವಾಪಸು ಬರುವಾಗ, ಬಸ್ಸಿನಲ್ಲಿ ಎದುರು ಮನೆಯ ಜಯಮ್ಮ ನನ್ನ ಚೀಲ ನೋಡಿ ಮುಖ ಸಣ್ಣ ಮಾಡಿದಾಗ.

"ಯಾರಿಗವ್ವ ಉಸಾರಿಲ್ಲ?"

"ಯಾರಿಗೂ ಏನಿಲ್ಲ ಜಯಮ್ಮತ್ತೆ. ಕೇಕಿಗೆ. ಮೊಟ್ಟೆ ಬದ್ಲು."

"ಅಜ್ಜಿಗಾ?"

ಅಲ್ಲಿಗೆ ಸುಮ್ಮನಾಗಬೇಕಿತ್ತು. ನಾನು ಮನೆದೇವರಿಂದ ಶುರುಮಾಡಿ ಕಾರ್ಖಾನೆಯ ರಜೆ, ವಾರಪತ್ರಿಕೆ ಎಲ್ಲವನ್ನೂ ಕಾರಣಸಮೇತ ವಿವರಿಸಿದೆ. ಜಯಮ್ಮ ಪಕ್ಕದವಳ ಕಿವಿಯಲ್ಲಿ, ನನಗೂ ಕೇಳುವಂತೆ, ಅಂದಳು: "ಇಷ್ಟೊಂದು ಮುಚ್ಚಿಡ್ತಾವ್ಳೆ ಅಂದ್ರೆ ಬಾಳ ಜೋರಾಗೇ ಐತೆ."

ಸೋಮವಾರ ಸಂಜೆ, ಮರಳು ಹಾಸಿದ ಕುಕ್ಕರಿನಿಂದ ಕೇಕು ಇಳಿಯುವ ಹೊತ್ತಿಗೆ ನೆಂಟರು ಇಳಿದರು. ಎಲ್ಲರ ಕೈಯಲ್ಲೂ ಸೇಬು. ಅಜ್ಜಿ ಮಂಚದ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಸುತ್ತ ಹಣ್ಣಿನ ಚೀಲಗಳನ್ನಿಟ್ಟು ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು. ಆಗಲೇ ಕಾರ್ಖಾನೆಯವರೂ ಬಂದರು. ಆ ನೋಟ ಕಂಡು ಉಡುಗೊರೆಗಳನ್ನು ಸೆರಗಿನ ಮರೆಗೆ ಸರಿಸಿದರು. ಇಂಥ ಮನೆಯಲ್ಲಿ ಕೇಕು ಮುಟ್ಟುವುದುಂಟೇ? ಅತ್ತಿಗೆ ಚಾಕು ಹಿಡಿದು ನಿಂತವಳು ಕಣ್ಣು ತುಂಬಿಕೊಂಡಳು.

ನಾನು ಎದ್ದೆ. ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆಂದು, ಸೇಬಿಗೂ ಕಾಯಿಲೆಗೂ ಸಂಬಂಧವಿಲ್ಲವೆಂದು ಗಂಟಲು ಹರಿಯುವಂತೆ ವಾದಿಸಿದೆ. ನನ್ನ ದನಿ ಏರಿದಷ್ಟೂ ಜನ ಅಜ್ಜಿಯನ್ನು ಹೆಚ್ಚು ಮರುಕದಿಂದ ನೋಡಿದರು.

"ಥೂ, ಬಾಯ್ ಮುಚ್ಚೇ," ಎಂದು ಅಜ್ಜಿಯೇ ಎದ್ದು ಬಂದಳು. ಕೇಕು ಮುರಿದು ಬಾಯಿಗೆ ಹಾಕಿಕೊಂಡಳು. "ಹಲ್ಲಿಲ್ದೋರ್ಗೆ ಹೇಳ್ ಮಾಡ್ಸ್ದಂಗೈತೆ. ನೀವೂ ಒಸಿ ತಿನ್ರವ್ವಾ!"

ಕಾಲು ಗಂಟೆಯಲ್ಲಿ ತಟ್ಟೆ ಖಾಲಿ. ಅದು ಉಬ್ಬಲಿಲ್ಲ, ಕಡುಬಿನ ಹಾಗಿದೆ ಎಂದು ಹೇಳಲು ನನಗೊಂದು ಚೂರೂ ಉಳಿಯಲಿಲ್ಲ.

ಬೆಳಿಗ್ಗೆ ಎದ್ದರೆ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಅತ್ತಿಗೆ ಮಿಕ್ಕ ಸೇಬನ್ನು ಬೇಯಿಸಿ ಅರೆದು ಬಟ್ಟಲಲ್ಲಿ ತಂದುಕೊಟ್ಟಳು. ಅಷ್ಟರಲ್ಲಿ ಜಯಮ್ಮ ಬಾಗಿಲಲ್ಲಿ ಇಣುಕಿದಳು.

"ನಾನ್ ಹೇಳ್ಲಿಲ್ವ, ಈ ಮನೇಲಿ ಯಾರ್ಗೋ ಉಸಾರಿಲ್ಲ ಅಂತ?"

ಖಂಡಿಸಲು ಬಾಯಿ ತೆರೆದೆ. ದನಿ ಬರಲಿಲ್ಲ. ಅತ್ತಿಗೆ ಅದೇ ಸಮಯ ನೋಡಿ ಬಾಯಿಗೆ ಒಂದು ಚಮಚ ಸೇಬು ಇಟ್ಟಳು.