ಮೊಹರಿಗೆ ಕುಂಕುಮ

ಪ್ಲೇಗಿನ ಕಾಲ. ಗಡಿಯಾಚೆಯಿಂದ ನಮ್ಮ ಮೈಸೂರು ಸೀಮೆಗೆ ಬಂದವರು ಸರ್ಕಾರದ ರಹದಾರಿ ಚೀಟಿ ಇಲ್ಲದೆ ಉಳಿಯುವಂತಿರಲಿಲ್ಲ. ಮೊಳಕಾಲ್ಮೂರಿನ ನಮ್ಮ ಪಕ್ಕದ ಮನೆಯ ನಾಗಪ್ಪ ರಾಯದುರ್ಗದ ಕಡೆಯಿಂದ ಬಂದ ನೇಕಾರ. ಒಂದು ದಿನ ಅವನ ರಹದಾರಿಯನ್ನು ಕಚೇರಿಯವರು ರದ್ದು ಮಾಡಿಬಿಟ್ಟರು. ಹದಿನೈದು ದಿನದೊಳಗೆ ಗಡಿ ದಾಟಬೇಕು!

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಒಳಗೆ ತುಂಬು ಬಸುರಿ ಹೆಂಡತಿ. "ಅಣ್ಣಾ, ಈಕೀನ ಎಲ್ಲಿಗೆ ಕರ್ಕಂಡು ಹೋಗ್ಲಿ?" ಎಂದು ನಾಗಪ್ಪ ನನ್ನ ಕೈ ಹಿಡಿದುಕೊಂಡ.

"ನಾನಿಲ್ವೇನಲೇ!" ಎಂದೆ. ಊರ ಕಟ್ಟೆಯ ಮೇಲೆ ಎಷ್ಟು ನ್ಯಾಯ ಬಗೆಹರಿಸಿದವನು ನಾನು!

ಜಡ್ಜ್ ಸಾಹೇಬರು ಚಳ್ಳಕೆರೆಯಲ್ಲಿ ಮೊಕ್ಕಾಂ ಮಾಡಿದ್ದರು. ಅರ್ಜಿ ಬರೆಸಿ ಗಾಡಿ ಕಟ್ಟಿದೆವು. ನನ್ನ ಹೆಂಡತಿ ತಿಮ್ಮಕ್ಕ ಬುತ್ತಿಯ ಗಂಟು ಕೊಟ್ಟು, "ದೇವರ ಗೂಡಿನಾಗೆ ಇದ್ದಿದ್ದೆಲ್ಲ ಪ್ರಸಾದ ಅಂತ ಕಟ್ಟೀನಿ. ನೀವು ಬಾಯಿ ಒಂದು ಕಟ್ಕಳ್ರಿ" ಎಂದಳು.

ಸಾಹೇಬರ ಮುಂದೆ ನಿಂತವನು ಕಟ್ಟಿಕೊಳ್ಳಲಿಲ್ಲ.

"ಮಹಾಸ್ವಾಮಿ, ಈ ನಾಗಪ್ಪ ಹಸುವಿನಂಥೋನು. ಕುಡಿಯಲ್ಲ, ಹೆಂಡ್ತೀನ ಹೊಡಿಯಲ್ಲ..."

ಸಾಹೇಬರು ಕೈಯೆತ್ತಿದರು. "ಅವನು ಒಳ್ಳೆಯವನೋ ಕೆಟ್ಟವನೋ ನಾನು ಕೇಳಲಿಲ್ಲ. ರಹದಾರಿ ಕೊಡೋದು ಬಿಡೋದು ಕಚೇರಿಯ ಕೆಲಸ. ರದ್ದು ಮಾಡೋ ಮೊದಲು ಅವನ ಮಾತು ಕೇಳಿದರೋ ಇಲ್ಲವೋ, ನಾನು ನೋಡೋದು ಅದನ್ನ."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಸರ್ಕಾರವನ್ನೇ ಎದುರಿಗೆ ನಿಲ್ಲಿಸಿ, 'ಆ ಬಡವನನ್ನ ಒಂದು ಮಾತು ಕೇಳಿದೆಯಾ?' ಎನ್ನುವವರೂ ಈ ಭೂಮಿಯ ಮೇಲಿದ್ದಾರೆ!

ಕಚೇರಿಯ ಗುಮಾಸ್ತರು ಎದ್ದರು. "ಬಂದು ಹೇಳಿಕೆ ಕೊಡು ಅಂತ ನೋಟೀಸು ಕಳಿಸಿದ್ವಿ ಸ್ವಾಮಿ. ಬರಲಿಲ್ಲ. ತಲುಪಿದ್ದಕ್ಕೆ ಇಗೋ ರುಜು."

ರುಜು ನನ್ನದು!

ಆಗ ನೆನಪಾಯಿತು. ಎರಡು ತಿಂಗಳ ಹಿಂದೆ ನಾಗಪ್ಪ ಮನೆಯಲ್ಲಿಲ್ಲದಾಗ ಪೇದೆ ಒಂದು ಮಡಿಸಿದ ಕಾಗದ ತಂದಿದ್ದ. ಮೇಲೆ ಕೆಂಪು ಅರಗಿನ ಮೊಹರು, ಅದರಲ್ಲಿ ಗಂಡಭೇರುಂಡ! ನಮ್ಮ ನಾಗಪ್ಪನಿಗೆ ಮಹಾರಾಜರ ಆಶೀರ್ವಾದವೇ ಬಂತೆಂದು ಉಬ್ಬಿ ರುಜು ಹಾಕಿದ್ದೆ. ಮರುದಿನ ಅಮಾವಾಸ್ಯೆ. ಒಳ್ಳೆಯ ದಿನ ನೋಡಿ ಕೊಡೋಣವೆಂದು ದೇವರ ಗೂಡಿನಲ್ಲಿಟ್ಟೆ. ತಿಮ್ಮಕ್ಕ ದಿನಾ ಪೂಜೆ ಮಾಡಿದಳು. ನಾನು ದಿನಾ ಕೈಮುಗಿದೆ. ಕೊಡುವುದನ್ನು ಮರೆತೆ!

"ಆ ಕಾಗದ ಎಲ್ಲಿ?" ಎಂದರು ಸಾಹೇಬರು.

ಬುತ್ತಿಯ ಗಂಟು ಬಿಚ್ಚಿದೆ. ರೊಟ್ಟಿಯ ಕೆಳಗೆ, ಒಣಗಿದ ಹೂವಿನ ಜೊತೆ ಅದೂ ಇತ್ತು. ಮೊಹರು ಒಡೆದಿರಲಿಲ್ಲ. ಅದರ ಮೇಲೆ ಅರಿಶಿನ, ಕುಂಕುಮ.

ಸಾಹೇಬರು ಅದನ್ನು ತಿರುಗಿಸಿ ನೋಡಿದರು. ಮೀಸೆ ಅಲುಗಿತು. "ಕಾಗದ ದೇವರಿಗೆ ತಲುಪಿದೆ, ನಾಗಪ್ಪನಿಗೆ ತಲುಪಿಲ್ಲ. ಅವನ ಮಾತು ಕೇಳದೆ ಮಾಡಿದ ರದ್ದು ನಿಲ್ಲೋದಿಲ್ಲ. ಹೊಸದಾಗಿ ವಿಚಾರಿಸಿ. ಅಲ್ಲಿಯವರೆಗೆ ಅವನು ಇದ್ದಲ್ಲೇ ಇರಲಿ."

ವಾರದೊಳಗೆ ಪೇದೆ ಹೊಸ ನೋಟೀಸು ತಂದ. ಅಭ್ಯಾಸಬಲ, ಕೈ ಚಾಚಿದೆ. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದ. "ನಿಮ್ಮ ಕೈಗೆ ಕೊಡಬಾರ್ದು ಅಂತ ಹುಕುಂ ಐತ್ರಿ! ನಿಮ್ಮ ಹೆಸರೇ ಹಾಕಿ ಬರದಾರೆ."

ನಾಗಪ್ಪ ತಾನೇ ಕಚೇರಿಗೆ ಹೋಗಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತನ್ನ ಮಾತು ಹೇಳಿ, ರಹದಾರಿ ಹಿಡಿದುಕೊಂಡು ಬಂದ. ಈ ಸಲ ನಾನು ಮಾಡಿದ ಸಹಾಯವೆಂದರೆ, ಮನೆಯಲ್ಲೇ ಉಳಿದದ್ದು.

"ನೋಡಿದೇನೇ, ಇಡೀ ತಾಲ್ಲೂಕಿನಾಗೆ ಸರ್ಕಾರ ಹೆಸರು ಹಿಡಿದು ಹುಕುಂ ಹೊರಡಿಸಿದ್ದು ನನ್ನೊಬ್ಬನ ಮ್ಯಾಲೆ!" ಎಂದು ತಿಮ್ಮಕ್ಕನ ಮುಂದೆ ಎದೆಯುಬ್ಬಿಸಿದೆ.

ಅವಳು ಕುಂಕುಮದ ಬಟ್ಟಲು ಹಿಡಿದು ಬಂದಳು.

"ಹುಕುಂ ಎಲ್ಲೈತ್ರಿ? ಅದಕ್ಕೂ ಹಚ್ತೀನಿ."